ಬೇಸಿಗೆ ಮಳೆಗೆ ಸಿಕ್ಕ ದ್ರಾಕ್ಷಿ: ಎಲೆಯ ಜೊತೆಗೆ ಕಣ್ಣನ್ನೂ ನೋಡಿ

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕು. ನಾಲ್ಕು ಎಕರೆಯಲ್ಲಿ ಡಾಗ್‌ರಿಜ್ ರೂಟ್‌ಸ್ಟಾಕ್ (ಬೇರು ಕೊಡುವ ಬಳ್ಳಿ) ಮೇಲೆ ಕಸಿ ಮಾಡಿದ ಥಾಮ್ಸನ್ ಸೀಡ್‌ಲೆಸ್ ಇದೆ. ವೈ ಆಕಾರದ ಚಪ್ಪರ, ಒಂಬತ್ತು ಅಡಿಗೆ ಐದು ಅಡಿ ಅಂತರ, ಜಮೀನು ಅರ್ಧ ಮಡ್ಡಿ (ಕಲ್ಲುಮಿಶ್ರಿತ ಹಗುರ ಮಣ್ಣು), ಅರ್ಧ ಎರೆ (ಕಪ್ಪು ಮಣ್ಣು). ಏಪ್ರಿಲ್ 10ಕ್ಕೆ ಚಾಟನಿ (ಕಡ್ಡಿ ಕತ್ತರಿಸುವ ಕೆಲಸ) ಮಾಡಿದೆವು, ಇಂದಿಗೆ 45 ದಿನ. ಕಳೆದ ಎರಡು ವಾರಗಳಲ್ಲಿ ಹನ್ನೊಂದು ದಿನ ಮಳೆಯಾಗಿದೆ. ಎಲೆಗಳ ಮೇಲೆ ಎಣ್ಣೆ ಹಚ್ಚಿದಂತಹ ಕಲೆ, ಎಳೆಯ ಕಡ್ಡಿಗಳ ಮೇಲೆ ಕಪ್ಪು ಚುಕ್ಕೆ, ತುದಿಯ ಎಲೆಗಳಲ್ಲಿ ಹಳದಿ ಬಣ್ಣ ಕಾಣುತ್ತಿದೆ. ಚಿಗುರು ಮಾತ್ರ ಹುಚ್ಚೆದ್ದು ಬೆಳೆಯುತ್ತಿದೆ. ಹನ್ನೆರಡು ದಿನಗಳಲ್ಲಿ ಐದು ಸಲ ಔಷಧಿ ಹೊಡೆದೆವು, ಹಳದಿಗೆಂದು 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಸಹ ಕೊಟ್ಟೆವು. ಪಕ್ಕದ ತೋಟದವರು ಜೂನ್‌ನಲ್ಲಿ ಇನ್ನೊಮ್ಮೆ ಚಾಟನಿ ಮಾಡಿಬಿಡಿ ಎನ್ನುತ್ತಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎಲೆಯ ಬಗ್ಗೆ, ಚುಕ್ಕೆಯ ಬಗ್ಗೆ, ಔಷಧಿಯ ಬಗ್ಗೆ ವಿವರವಾಗಿ ಬರೆದಿದ್ದೀರಿ. ಕಡ್ಡಿಯ ಕಣ್ಣಿನ, ಅಂದರೆ ಮೊಗ್ಗಿನ ಬಗ್ಗೆ ಒಂದು ಮಾತೂ ಇಲ್ಲ. ಮಳೆ ಹಿಡಿದ ಮೇ ತಿಂಗಳಲ್ಲಿ ಬಹುತೇಕ ಬೆಳೆಗಾರರು ಹೀಗೆಯೇ ಮಾಡುತ್ತಾರೆ. ಕಣ್ಣಿಗೆ ಕಾಣುವ ಕಲೆಯ ಹಿಂದೆ ಪಂಪು ಹೊತ್ತು ಓಡಾಡುತ್ತಾರೆ, ಆದರೆ ಮುಂದಿನ ಜನವರಿ-ಫೆಬ್ರುವರಿಯ ಗೊನೆ ಈ ಹೊತ್ತಿನಲ್ಲಿ ಕಡ್ಡಿಯ ಕಣ್ಣಿನೊಳಗೆ ರೂಪುಗೊಳ್ಳುತ್ತಿದೆ ಎಂಬುದು ಅಕ್ಟೋಬರ್ ಚಾಟನಿಯಾಗಿ ಬರಿಯ ಕುಡಿ ಹೊರಟಾಗ ಮಾತ್ರ ನೆನಪಾಗುತ್ತದೆ. ಆದ್ದರಿಂದ ರೋಗದ ವಿಷಯಕ್ಕೆ ಹೋಗುವ ಮೊದಲು ಕಣ್ಣಿನ ವಿಷಯವನ್ನೇ ಹೇಳುತ್ತೇನೆ.

ಏಪ್ರಿಲ್‌ನಲ್ಲಿ ಕಡ್ಡಿಯನ್ನು ಒಂದೆರಡು ಕಣ್ಣಿಗೆ ಕತ್ತರಿಸುವುದು ಹಣ್ಣಿಗಾಗಿ ಅಲ್ಲ, ಅಕ್ಟೋಬರ್‌ನಲ್ಲಿ ಹಣ್ಣು ಬಿಡಬಲ್ಲ ಹೊಸ ಕಡ್ಡಿಗಾಗಿ. ಈ ಹೊಸ ಕಡ್ಡಿಯ ಪ್ರತಿ ಎಲೆಯ ಕಂಕುಳಲ್ಲಿ ಒಂದು ಕಣ್ಣು ಕೂರುತ್ತದೆ. ಚಾಟನಿಯಾದ ಸುಮಾರು 40ನೇ ದಿನದಿಂದ 70ನೇ ದಿನದವರೆಗೆ ಆ ಕಣ್ಣಿನೊಳಗೆ ಸೂಜಿಮೊನೆಗಿಂತ ಚಿಕ್ಕದಾದ ಒಂದು ಮೊಳಕೆ ಮೂಡುತ್ತದೆ. ಅದು ಗೊನೆಯಾಗಬಹುದು, ಆಸರೆಗೆ ಸುತ್ತಿಕೊಳ್ಳುವ ಹಬ್ಬುಕುಡಿಯೂ ಆಗಬಹುದು. ದ್ರಾಕ್ಷಿಯಲ್ಲಿ ಗೊನೆಗೂ ಹಬ್ಬುಕುಡಿಗೂ ಮೂಲ ಒಂದೇ. ಕಣ್ಣಿನ ಮೇಲೆ ಬಿಸಿಲು ಬಿದ್ದು, ಬಳ್ಳಿಯಲ್ಲಿ ಸಕ್ಕರೆಯ ದಾಸ್ತಾನು ಬೆಳೆದು, ಬೇರಿನಿಂದ ಬರುವ ಸೈಟೋಕೈನಿನ್ ಎಂಬ ಚೋದಕ ಸಾಕಷ್ಟು ಸಿಕ್ಕರೆ ಆ ಮೊಳಕೆ ಗೊನೆಯ ಕಡೆಗೆ ತಿರುಗುತ್ತದೆ. ನೆರಳು, ಮೋಡ, ಹೆಚ್ಚು ಸಾರಜನಕ, ಹೆಚ್ಚು ನೀರು ಸೇರಿ ಚಿಗುರು ಓಡತೊಡಗಿದರೆ ಜಿಬ್ಬರೆಲಿನ್ ಮೇಲುಗೈ ಪಡೆದು ಅದೇ ಮೊಳಕೆ ಹಬ್ಬುಕುಡಿಯಾಗುತ್ತದೆ. ನಿಮ್ಮ ತೋಟದಲ್ಲಿ ಈಗ 45ನೇ ದಿನ. ಅಂದರೆ ನಿಮ್ಮ ಬಳ್ಳಿ ಗೊನೆಯೋ ಕುಡಿಯೋ ಎಂದು ನಿರ್ಧರಿಸುವ ಘಟ್ಟಕ್ಕೆ ಬಂದಿದೆ, ಮತ್ತು ಅದೇ ಘಟ್ಟದಲ್ಲಿ ಮೋಡ ಕವಿದಿದೆ, ಚಿಗುರು ಹುಚ್ಚೆದ್ದಿದೆ, ನೀವು 19:19:19 ಕೊಟ್ಟಿದ್ದೀರಿ.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಇನ್ನೂ ಮೂರು ವಾರ ನಿಮ್ಮ ಕೈಯಲ್ಲಿವೆ, ಮತ್ತು ಕಡ್ಡಿಯ ಎಲ್ಲಾ ಕಣ್ಣುಗಳು ಒಂದೇ ದಿನ ತೀರ್ಮಾನವಾಗುವುದಿಲ್ಲ. ಬುಡದ ಕಣ್ಣು ಮೊದಲು, ಮೇಲಿನವು ಒಂದರ ನಂತರ ಒಂದು. ಕೆಳಗಿನ ನಾಲ್ಕೈದು ಕಣ್ಣುಗಳು ಈಗಾಗಲೇ ಮೋಡಕ್ಕೆ ಸಿಕ್ಕಿದ್ದರೂ ಮೇಲಿನವುಗಳನ್ನು ಉಳಿಸಿಕೊಳ್ಳಬಹುದು.

ಮೋಡವನ್ನು ಸರಿಸುವುದು ನಮ್ಮಿಂದಾಗದು, ಎಲೆಯ ಮೇಲೆ ಎಲೆ ಬಿದ್ದ ನೆರಳನ್ನು ಸರಿಸಬಹುದು. ಮೋಡದ ದಿನ ಬೆಳಕು ಮೊದಲೇ ಕಡಿಮೆ. ಅದರಲ್ಲಿ ಮೇಲಿನ ಎಲೆಗೆ ಸಿಕ್ಕಿದ್ದರ ಅಲ್ಪ ಭಾಗವಷ್ಟೇ ಎರಡನೇ ಪದರದ ಎಲೆಗೆ ತಲುಪುತ್ತದೆ, ಮೂರನೇ ಪದರಕ್ಕೆ ಏನೂ ಉಳಿಯುವುದಿಲ್ಲ ಎಂದೇ ಲೆಕ್ಕ ಹಾಕಿ. ಆದ್ದರಿಂದ ಮಳೆ ನಿಂತು ಎಲೆ ಒಣಗಿದ ಮೊದಲ ದಿನವೇ ಆಳುಗಳನ್ನು ಕರೆದು ಕಡ್ಡಿಗಳನ್ನು ಎಣಿಸಿ. ನಿಮ್ಮ ಅಂತರಕ್ಕೆ ಬಳ್ಳಿಯೊಂದಕ್ಕೆ 30ರಿಂದ 35 ಕಡ್ಡಿ ಸಾಕು. ಮಿಕ್ಕಿದವುಗಳಲ್ಲಿ ತೀರ ಸಪೂರವಾದವನ್ನೂ, ಬುಡದಿಂದ ಎದ್ದು ಹೆಬ್ಬೆರಳಿನಷ್ಟು ದಪ್ಪವಾಗಿ ಓಡುತ್ತಿರುವವನ್ನೂ ತೆಗೆಯಿರಿ. ದಪ್ಪ ಕಡ್ಡಿಯನ್ನು ಕಂಡರೆ ಮನಸ್ಸು ಬರುವುದಿಲ್ಲ, ಗೊತ್ತು; ಆದರೆ ಬಲಿತಾಗ 8ರಿಂದ 10 ಮಿಲಿಮೀಟರ್ ದಪ್ಪವಿರುವ ಕಡ್ಡಿಯೇ ಗೊನೆ ಕೊಡುವ ಕಡ್ಡಿ, ಅದಕ್ಕಿಂತ ದಪ್ಪವಾದದ್ದು ಬರೀ ಸೊಪ್ಪು ಬೆಳೆಸುತ್ತದೆ. ಉಳಿದ ಕಡ್ಡಿಗಳನ್ನು ತಂತಿಯ ಮೇಲೆ ಎರಡೂ ಬದಿಗೆ ಸಮನಾಗಿ ಹರಡಿ ಮಲಗಿಸಿ ಕಟ್ಟಿ. ನೆಟ್ಟಗೆ ನಿಂತ ಚಿಗುರಿಗಿಂತ ಮಲಗಿಸಿದ ಚಿಗುರಿನ ಓಟ ತಾನಾಗಿಯೇ ತಗ್ಗುತ್ತದೆ.

ಏಳೆಂಟು ಎಲೆಗೆ ತುದಿ ಚಿವುಟಿ ಸಬ್‌ಕೇನ್ (ಚಿವುಟಿದ ಗಂಟಿನಿಂದ ಹೊರಡುವ ಉಪಕಡ್ಡಿ) ಎಬ್ಬಿಸಿದ್ದೀರೋ ಇಲ್ಲವೋ ಬರೆದಿಲ್ಲ. ಮಾಡಿದ್ದರೆ ಗಂಟಿನ ಮೇಲಿನ ಆ ಹೊಸ ಕಡ್ಡಿಯಲ್ಲೇ ಈ ವರ್ಷದ ನಿಮ್ಮ ಭರವಸೆ ಇದೆ, ಏಕೆಂದರೆ ಅದರ ಕಣ್ಣುಗಳು ತಡವಾಗಿ ಮೂಡುತ್ತವೆ; ಅದನ್ನು ಇನ್ನು ನಾಲ್ಕೈದು ಎಲೆಗೆ ಚಿವುಟಿ ನಿಲ್ಲಿಸಿ. ಮಾಡಿರದಿದ್ದರೆ ಈಗ ಹದಿನಾಲ್ಕು ಹದಿನೈದನೇ ಎಲೆಯ ಬಳಿ ತುದಿ ಚಿವುಟಿದರೆ ಸಾಕು, ತಡವಾಗಿ ಕೆಳಗೆ ಕತ್ತರಿಸಲು ಹೋಗಬೇಡಿ. ಕಂಕುಳಿನಿಂದ ಹೊರಡುವ ಬಗಲ ಚಿಗುರುಗಳನ್ನು ವಾರಕ್ಕೊಮ್ಮೆ ಮುರಿಯಬೇಕು, ಹಬ್ಬುಕುಡಿಗಳನ್ನೂ ತೆಗೆಯಬೇಕು. ಆದರೆ ಬೆಳಕು ಬರಲಿ ಎಂದು ಕಡ್ಡಿಯ ಮೂಲ ಎಲೆಗಳನ್ನು ಕಿತ್ತುಹಾಕುವವರನ್ನು ನೋಡಿದ್ದೇನೆ. ಆ ತಪ್ಪು ಮಾಡಬೇಡಿ. ಕಣ್ಣಿಗೆ ಅನ್ನ ಕೊಡುವುದು ಅದರ ಪಕ್ಕದ ಎಲೆಯೇ. ರೋಗ ತಗುಲಿ ಅರ್ಧಕ್ಕಿಂತ ಹೆಚ್ಚು ಒಣಗಿದ ಎಲೆಯನ್ನು ಮಾತ್ರ ತೆಗೆಯಿರಿ.

ಈ ಕೆಲಸವನ್ನೆಲ್ಲ ಎಲೆ ಒದ್ದೆಯಿರುವಾಗ ಮಾಡಿಸಬಾರದು. ಬೆಳಿಗ್ಗೆ ಏಳಕ್ಕೆ ಬಂದ ಆಳುಗಳು ಸುಮ್ಮನೆ ಕೂರುತ್ತಾರಲ್ಲ ಎಂದು ಒದ್ದೆ ಎಲೆಯೊಳಗೆ ಕೈಯಾಡಿಸಿದರೆ, ಕಡ್ಡಿಗೆ ಕಪ್ಪು ಚುಕ್ಕೆ ತರುವ ಚಿಬ್ಬು ರೋಗವನ್ನೂ ದುಂಡಾಣು ಚುಕ್ಕೆಯನ್ನೂ ನಾವೇ ಕೂಲಿ ಕೊಟ್ಟು ಸಾಲಿನಿಂದ ಸಾಲಿಗೆ ಸಾಗಿಸಿದಂತೆ ಆಗುತ್ತದೆ.

ಇನ್ನು ಗೊಬ್ಬರ. ನಿಮ್ಮ ತುದಿ ಎಲೆಗಳ ಹಳದಿಯನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ. ನರಗಳು ಹಸಿರಾಗಿಯೇ ಇದ್ದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ, ಮತ್ತು ಅದು ಎಳೆಯ ಎಲೆಗಳಲ್ಲಷ್ಟೇ ಇದ್ದರೆ, ಅದು ಕಬ್ಬಿಣದ ಕೊರತೆ. ಸಾರಜನಕದ ಕೊರತೆಯಾದರೆ ಹಳೆಯ ಎಲೆ ಮೊದಲು ಬಿಳಿಚಿಕೊಳ್ಳುತ್ತದೆ. ನಿಮ್ಮ ಕಡೆಯ ಸುಣ್ಣದ ಅಂಶವುಳ್ಳ ಎರೆಮಣ್ಣು ಮಳೆಯಿಂದ ನೆನೆದು ಗಾಳಿಯಾಡದಂತಾದಾಗ ಬೈಕಾರ್ಬೊನೇಟ್ ಹೆಚ್ಚಿ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬಳ್ಳಿ ಅದನ್ನು ಬಳಸಿಕೊಳ್ಳಲಾರದು. ಹಳದಿ ಎರೆಯ ಭಾಗದಲ್ಲೇ ಹೆಚ್ಚಾಗಿದ್ದು ಮಡ್ಡಿಯಲ್ಲಿ ಕಡಿಮೆಯಿದ್ದರೆ ಸಂಶಯವೇ ಬೇಡ. ಇದಕ್ಕೆ ಲೀಟರ್ ನೀರಿಗೆ 2 ಗ್ರಾಂ ಫೆರಸ್ ಸಲ್ಫೇಟ್, ಜೊತೆಗೆ ಅರ್ಧ ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ಇದನ್ನು ಬೋರ್ಡೋ ಅಥವಾ ಬೇರೆ ತಾಮ್ರದ ಔಷಧಿಯೊಂದಿಗೆ ಬೆರೆಸಬಾರದು. ಮಣ್ಣು ಆರಿ ಬೇರಿಗೆ ಉಸಿರು ಬಂದರೆ ಅರ್ಧ ಹಳದಿ ತಾನಾಗಿ ಹೋಗುತ್ತದೆ. ಕಬ್ಬಿಣದ ಹಳದಿಗೆ 19:19:19 ಕೊಟ್ಟಾಗ ಹಳದಿ ಹಾಗೆಯೇ ಉಳಿದು ಚಿಗುರಿನ ಹುಚ್ಚು ಮಾತ್ರ ಹೆಚ್ಚುತ್ತದೆ, ನಿಮ್ಮಲ್ಲಿ ಆಗಿರುವುದೂ ಅದೇ ಎಂದು ನನ್ನ ಅನಿಸಿಕೆ.

ಮಳೆ ತಾನೇ ಒಂದು ಸಾರಜನಕದ ಕಂತು ಎಂಬುದನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡು ಮೂರು ತಿಂಗಳು ಕಾದ ಮಣ್ಣಿಗೆ ಮೊದಲ ಮಳೆ ಬಿದ್ದಾಗ ಅದರಲ್ಲಿನ ಸೂಕ್ಷ್ಮಜೀವಿಗಳು ಒಮ್ಮೆಲೇ ಎಚ್ಚೆತ್ತು ಸಾವಯವ ಅಂಶವನ್ನು ಕೊಳೆಸಿ ನೈಟ್ರೇಟ್ ಬಿಡುಗಡೆ ಮಾಡುತ್ತವೆ. ಚಾಟನಿಗೆ ಮುಂಚೆ ನೀವು ತಿಪ್ಪೆಗೊಬ್ಬರ ಹಾಕಿದ್ದರೆ ಅದೂ ಈಗಲೇ ಕರಗುತ್ತದೆ. ಆದ್ದರಿಂದ ಇಂದಿನಿಂದ 70ನೇ ದಿನದವರೆಗೆ ಯೂರಿಯಾ ಆಗಲಿ, 19:19:19 ಆಗಲಿ, ಸಾರಜನಕವಿರುವ ಯಾವ ಟಾನಿಕ್ಕೂ ಬೇಡ. 12:61:0ರಲ್ಲಿಯೂ ಶೇಕಡಾ 12 ಸಾರಜನಕವಿದೆ ಎಂಬುದು ಚೀಲದ ಮೇಲೆಯೇ ಬರೆದಿರುತ್ತದೆ, ಆದರೂ ಅದನ್ನು ರಂಜಕ ಎಂದಷ್ಟೇ ತಿಳಿದು ಕೊಡುವವರು ಇದ್ದಾರೆ. ರಂಜಕ ಬೇಕೆನಿಸಿದರೆ ಸಾರಜನಕವಿಲ್ಲದ 0:52:34 ಕೊಡಿ. 60-65ನೇ ದಿನ ಕಡ್ಡಿಯ ಬುಡ ಕಂದು ಬಣ್ಣಕ್ಕೆ ತಿರುಗತೊಡಗಿದ ಮೇಲೆ ಬಲಿಯುವುದಕ್ಕಾಗಿ ಪೊಟ್ಯಾಷ್ ಗೊಬ್ಬರ 0:0:50 ಆರಂಭಿಸಬಹುದು.

ನೀರಿನ ವಿಷಯದಲ್ಲಿ ಎರಡು ಮಾತು ಹೇಳಬೇಕು, ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧವೆನಿಸಬಹುದು. ಕಣ್ಣು ರೂಪುಗೊಳ್ಳುವ ಈ ದಿನಗಳಲ್ಲಿ ಬಳ್ಳಿಗೆ ನೀರು ಕೊಂಚ ಬಿಗಿಯಾಗಿಯೇ ಇರಬೇಕು. ಎರೆಯ ಭಾಗದಲ್ಲಿ ಅರ್ಧ ಅಡಿ ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದಾಗ ಉಂಡೆ ಕಟ್ಟುತ್ತಿರುವವರೆಗೆ ಡ್ರಿಪ್ ಬಂದ್ ಇರಲಿ, ಮಡ್ಡಿಯ ಭಾಗಕ್ಕೆ ಬೇರೆ ವಾಲ್ವ್ ಇದ್ದರೆ ಅದನ್ನು ಬೇರೆಯಾಗಿಯೇ ನಡೆಸಿ. ಆದರೆ ನಿಮ್ಮ ಬೋರ್‌ವೆಲ್ ನೀರು ಸವಳಾಗಿದ್ದರೆ ಒಂದು ಎಚ್ಚರ ಬೇಕು. ಬೇಸಿಗೆಯುದ್ದಕ್ಕೂ ಡ್ರಿಪ್ಪಿನ ಒದ್ದೆ ವರ್ತುಲದ ಅಂಚಿಗೆ ಉಪ್ಪು ಸರಿದು ಬಿಳಿಯಾಗಿ ಕಟ್ಟಿರುತ್ತದೆ. ಐದಾರು ಮಿಲಿಮೀಟರ್‌ನ ಸಣ್ಣ ಮಳೆ ಬಂದಾಗ ಆ ಉಪ್ಪು ಕರಗಿ ನೇರ ಬೇರಿನ ವಲಯಕ್ಕೆ ಇಳಿಯುತ್ತದೆ, ಮಳೆಯಾದ ಎರಡು ದಿನಕ್ಕೆ ಎಲೆಯ ಅಂಚು ಸುಟ್ಟಂತಾಗುವುದು ಇದರಿಂದಲೇ. ಅಂಥ ತೋಟದಲ್ಲಿ ಸಣ್ಣ ಮಳೆಯ ಹೊತ್ತಿಗೆ ಡ್ರಿಪ್ಪನ್ನು ಒಂದಿಷ್ಟು ಹೊತ್ತು ನಡೆಸಿ ಉಪ್ಪನ್ನು ಹೊರಕ್ಕೇ ತಳ್ಳಬೇಕು. 30-40 ಮಿಲಿಮೀಟರ್‌ನ ದೊಡ್ಡ ಮಳೆಯಾದರೆ ಆ ಚಿಂತೆಯಿಲ್ಲ, ಉಪ್ಪೆಲ್ಲ ತೊಳೆದು ಕೆಳಗಿಳಿಯುತ್ತದೆ. ಈ ಮಳೆಯಿಂದ ನಿಮಗೆ ಆಗಿರುವ ಒಂದೇ ದೊಡ್ಡ ಲಾಭ ಅದು. ಎಷ್ಟು ಮಳೆಯಾಯಿತೆಂದು ತಿಳಿಯಲು ತೋಟದಲ್ಲಿ ಒಂದು ಮಳೆಮಾಪಕ ಇರಲಿ. ಇಲ್ಲವಾದರೆ ಬುಡದಿಂದ ಬಾಯಿಯವರೆಗೆ ನೆಟ್ಟಗಿರುವ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು ಪಟ್ಟಿಯಿಂದ ಅಳೆದರೂ ಕೆಲಸ ನಡೆಯುತ್ತದೆ. ‘ಹನ್ನೊಂದು ದಿನ ಮಳೆ’ ಎಂದು ನೀವು ಬರೆದಿದ್ದೀರಿ, ಒಟ್ಟು ಎಷ್ಟು ಮಿಲಿಮೀಟರ್ ಎಂದು ಬರೆದಿದ್ದರೆ ನನ್ನ ಉತ್ತರ ಇನ್ನಷ್ಟು ಖಚಿತವಾಗುತ್ತಿತ್ತು.

ಎರೆಯ ಭಾಗದಲ್ಲಿ ಸಾಲುಗಳ ನಡುವೆ ನೀರು ನಿಂತಿದ್ದರೆ ಸಲಿಕೆಯಿಂದ ಕಾಲುವೆ ಕೊಚ್ಚಿ ಹೊರಹಾಕಿ. ಆ ಹಸಿ ಎರೆಯಲ್ಲಿ ಔಷಧಿ ಹೊಡೆಯುವ ಟ್ರ್ಯಾಕ್ಟರ್ ಬ್ಲೋವರ್ ಇಳಿಸಬೇಡಿ. ಗಾಲಿಯ ಭಾರಕ್ಕೆ ಮಣ್ಣು ಇಟ್ಟಿಗೆಯಂತೆ ಒತ್ತಿಕೊಂಡರೆ ಬೇರಿಗೆ ಗಾಳಿ ಸಿಗುವುದಿಲ್ಲ, ಮತ್ತು ಆ ಒತ್ತಡ ಒಂದು ವರ್ಷಕ್ಕೆ ಬಿಡುವುದೂ ಇಲ್ಲ. ಅಲ್ಲಿ ಪೈಪು ಎಳೆದು ಗನ್‌ನಿಂದ ಹೊಡೆಯಿರಿ. ಬಳ್ಳಿಯ ತೋಳುಗಳಿಂದ ಬಿಳಿಯ ಬೇರುಗಳು ಗಾಳಿಯಲ್ಲಿ ಇಳಿಬಿದ್ದಿವೆಯೇ ಎಂದೂ ನೋಡಿ. ಇದ್ದರೆ ತೇವ ಮಿತಿಮೀರಿದೆ, ನೆಲದೊಳಗಿನ ಬೇರು ಸಂಕಟದಲ್ಲಿದೆ ಎಂದು ತಿಳಿಯಿರಿ.

ಈಗ ರೋಗಕ್ಕೆ ಬರುತ್ತೇನೆ. ನೀವು ಬರೆದ ಎರಡು ಲಕ್ಷಣಗಳು ಎರಡು ಬೇರೆ ರೋಗಗಳವು, ಮತ್ತು ಮೇ ತಿಂಗಳಲ್ಲಿ ಅವುಗಳ ಅಪಾಯವೂ ಸಮವಲ್ಲ. ಎಣ್ಣೆ ಕಲೆ ಡೌನಿಯದು, ಅಂದರೆ ಬೂಜು ತುಪ್ಪಟ ರೋಗದ್ದು. ಖಚಿತಪಡಿಸಿಕೊಳ್ಳಲು ಕಲೆಯಿರುವ ನಾಲ್ಕಾರು ಎಲೆಗಳನ್ನು ಸಂಜೆ ಕಿತ್ತು, ನೀರು ಚಿಮುಕಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕತ್ತಲ ಕೋಣೆಯಲ್ಲಿಡಿ. ಬೆಳಿಗ್ಗೆ ಕಲೆಯ ಕೆಳಬದಿಯಲ್ಲಿ ಬಿಳಿಯ ಹತ್ತಿಯಂಥ ಬೂಜು ಬಂದಿದ್ದರೆ ರೋಗ ಜೀವಂತವಿದೆ. ಏನೂ ಬಾರದೆ ಕಲೆ ಕಂದಾಗಿ ಒಣಗಿದ್ದರೆ ಅದು ಸತ್ತ ಕಲೆ, ಅದಕ್ಕೆ ಔಷಧಿಯ ಖರ್ಚು ವ್ಯರ್ಥ. ಈ ಶಿಲೀಂಧ್ರ ರಾತ್ರಿಯ ಕತ್ತಲಲ್ಲಿ, ಗಾಳಿಯ ತೇವಾಂಶ ಶೇಕಡಾ 95ರ ಮೇಲಿದ್ದಾಗ ಬೀಜಕಣ ಬಿಡುತ್ತದೆ. ಅವು ನೀರಿನ ಪೊರೆಯಲ್ಲಿ ಈಜಿ ಎಲೆಯ ಕೆಳಬದಿಯ ರಂಧ್ರಗಳ ಮೂಲಕ ಒಳನುಗ್ಗುತ್ತವೆ. ಆದ್ದರಿಂದ ಎಲೆಯ ಮೇಲ್ಭಾಗವನ್ನಷ್ಟೇ ತೊಯ್ಯಿಸುವ ಸಿಂಪಡಣೆಯಿಂದ ಫಲವಿಲ್ಲ, ಗನ್ನಿನ ಬಾಯಿ ಕೆಳಗಿನಿಂದ ಮೇಲಕ್ಕೆ ಇರಬೇಕು. ಆದರೆ ಒಂದು ಸಮಾಧಾನವಿದೆ. ವಿಜಯಪುರದ ಮೇ ಬಿಸಿಲು ಎರಡು ಮೂರು ದಿನ ಮರಳಿ ಬಂದು ಉಷ್ಣಾಂಶ 37-38 ಡಿಗ್ರಿಗೆ ಏರಿದರೆ ಡೌನಿ ತಾನಾಗಿಯೇ ಕುಗ್ಗುತ್ತದೆ. ಅದು ನಿಜವಾಗಿ ತೋಟ ತಿನ್ನುವುದು ಅಕ್ಟೋಬರ್ ಚಾಟನಿಯ ನಂತರ, ಹೂಗೊನೆಯ ಹೊತ್ತಿಗೆ ಮಳೆ ಸಿಕ್ಕಾಗ.

ನನಗೆ ಹೆಚ್ಚು ಚಿಂತೆಯಿರುವುದು ಆ ಕಪ್ಪು ಚುಕ್ಕೆಗಳ ಬಗ್ಗೆ. ಎಳೆಯ ಕಡ್ಡಿಯ ಮೇಲೆ ಸಣ್ಣ ಚುಕ್ಕೆಯಾಗಿ ಆರಂಭವಾಗಿ, ನಡುವೆ ಬೂದು ಬಣ್ಣದ ಕುಳಿ ಬಿದ್ದು ಅಂಚು ಕಪ್ಪಾಗಿದ್ದರೆ, ಎಲೆಗಳಲ್ಲಿ ಚುಕ್ಕೆಯ ನಡುವೆ ಉದುರಿ ತೂತು ಬಿದ್ದಿದ್ದರೆ, ಅದು ಚಿಬ್ಬು ರೋಗ. ಬಿಸಿ ಮತ್ತು ಮಳೆ ಎರಡೂ ಸೇರಿದ ಹವೆಯಲ್ಲಿ ಇದು ಹಬ್ಬುತ್ತದೆ, ಮಳೆಹನಿ ಸಿಡಿದಷ್ಟು ದೂರ ಸಾಗುತ್ತದೆ. ಡೌನಿ ತಿಂದ ಎಲೆ ಉದುರಿ ಹೋಗುತ್ತದೆ, ಚಿಬ್ಬು ಮಾತ್ರ ಕಡ್ಡಿಯಲ್ಲೇ ಗಾಯವಾಗಿ ಉಳಿದು ಅಕ್ಟೋಬರ್‌ಗೂ ನಿಮ್ಮ ಜೊತೆ ಬರುತ್ತದೆ. ಚುಕ್ಕೆ ಹೆಚ್ಚಾದ ಕಡ್ಡಿಗಳನ್ನು, ಸಂಖ್ಯೆ ಕಡಿಮೆ ಮಾಡುವ ಕೆಲಸದಲ್ಲೇ ಮೊದಲಿಗೆ ಆರಿಸಿ ಕತ್ತರಿಸಿ. ಕತ್ತರಿಸಿದ್ದನ್ನು ಬದುವಿನ ಮೇಲೆ ಗುಡ್ಡೆ ಹಾಕಬೇಡಿ, ತೋಟದಿಂದ ಹೊರಗೆ ಒಯ್ದು ಸುಡಿ. ಏಪ್ರಿಲ್‌ನಲ್ಲಿ ಕತ್ತರಿಸಿದ ಹಳೆಯ ಕಡ್ಡಿಗಳು ಇನ್ನೂ ಸಾಲುಗಳ ನಡುವೆ ಬಿದ್ದಿದ್ದರೆ ಅವುಗಳನ್ನೂ ಬಿಡಬೇಡಿ.

ಹನ್ನೆರಡು ದಿನಗಳಲ್ಲಿ ಐದು ಸಿಂಪಡಣೆ ಎಂದರೆ ನನ್ನ ಪ್ರಕಾರ ಮೂರು ಹೆಚ್ಚು. ಮಳೆ ಬಂದಾಗಲೆಲ್ಲ ಗಾಬರಿಯಿಂದ ಹೊಡೆಯುವ ಬದಲು ಒಂದು ಅಳತೆ ಇಟ್ಟುಕೊಳ್ಳಿ: ಮ್ಯಾಂಕೋಜೆಬ್‌ನಂಥ ಸ್ಪರ್ಶ ಔಷಧಿ (ಹೊರಮೈಯಲ್ಲಷ್ಟೇ ನಿಂತು ತಡೆಯುವಂಥದ್ದು) ಎಲೆಯ ಮೇಲೆ ಚೆನ್ನಾಗಿ ಒಣಗಿದ ಮೇಲೆ 25 ಮಿಲಿಮೀಟರ್ ಮಳೆಯಾದರೆ ಸುಮಾರು ಅರ್ಧ ತೊಳೆದುಹೋಗುತ್ತದೆ, 50 ಮಿಲಿಮೀಟರ್ ಆದರೆ ಮತ್ತೆ ಹೊಡೆಯಲೇಬೇಕು. ಎಲೆಯೊಳಗೆ ಇಳಿದು ಕೆಲಸ ಮಾಡುವ ಅಂತರ್ವ್ಯಾಪಿ ಔಷಧಿಗೆ ಮಳೆಗೆ ಮುಂಚೆ ಕೆಲವು ಗಂಟೆ ಸಿಕ್ಕರೆ ಅದು ಒಳಗೆ ಸೇರಿಕೊಂಡಿರುತ್ತದೆ, ಮಳೆ ಬಂತೆಂದು ಮರುದಿನವೇ ಮತ್ತೆ ಹೊಡೆಯಬೇಕಾಗಿಲ್ಲ. ಮಳೆಗೆ ಮುಂಚೆ ಸ್ಪರ್ಶ ಔಷಧಿ, ಸತತ ಮಳೆಯ ನಂತರ ರೋಗ ಜೀವಂತವಿರುವುದು ಖಚಿತವಾದರೆ ಮಾತ್ರ ಅಂತರ್ವ್ಯಾಪಿ ಎಂಬ ಕ್ರಮ ಇಟ್ಟುಕೊಳ್ಳಿ. ಡೌನಿಗೆ ಡೈಮೆಥೊಮಾರ್ಫ್ ಅಥವಾ ಮೆಟಾಲಾಕ್ಸಿಲ್-ಎಂ ಬಳಸುವುದಾದರೆ ಮ್ಯಾಂಕೋಜೆಬ್ ಜೊತೆಯಲ್ಲೇ, ಲೇಬಲ್ಲಿನ ಪ್ರಮಾಣದಲ್ಲೇ, ಇಡೀ ಹಂಗಾಮಿನಲ್ಲಿ ಒಂದೆರಡು ಸಲವಷ್ಟೇ ಬಳಸಿ. ಅದೇ ಗುಂಪಿನ ಔಷಧಿಯನ್ನು ಮೇಯಲ್ಲೇ ನಾಲ್ಕು ಸಲ ಖರ್ಚು ಮಾಡಿ ಶಿಲೀಂಧ್ರಕ್ಕೆ ಅಭ್ಯಾಸ ಮಾಡಿಸಿದರೆ, ಅಕ್ಟೋಬರ್-ನವೆಂಬರ್‌ನಲ್ಲಿ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡುವುದಿಲ್ಲ. ಚಿಬ್ಬಿಗೆ ಥಯೋಫನೇಟ್ ಮೀಥೈಲ್ ಒಂದು ಸಲ ಸಾಕು.

ಹಣ್ಣಿಲ್ಲದ ಈ ಕಾಲದಲ್ಲಿ ನನ್ನ ಮೊದಲ ಆಯ್ಕೆ ಇಂದಿಗೂ ಬೋರ್ಡೋ ದ್ರಾವಣವೇ. ಡೌನಿ, ಚಿಬ್ಬು, ದುಂಡಾಣು ಚುಕ್ಕೆ ಮೂರನ್ನೂ ಅದು ತಡೆಯುತ್ತದೆ, ಶಿಲೀಂಧ್ರ ಅದಕ್ಕೆ ಸುಲಭವಾಗಿ ಒಗ್ಗಿಕೊಳ್ಳುವುದಿಲ್ಲ, ಮತ್ತು ಒಮ್ಮೆ ಒಣಗಿದರೆ ಮಳೆಗೂ ಬೇಗ ಬಿಡುವುದಿಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರಂತೆ; ಆ ಬಳ್ಳಿಗಳಲ್ಲಿ ಮಾತ್ರ ಡೌನಿ ಇಲ್ಲದ್ದನ್ನು 1882ರಲ್ಲಿ ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ, 1885ರಲ್ಲಿ ಅದನ್ನು ಔಷಧಿಯಾಗಿ ಪ್ರಕಟಿಸಿದರು. ಅಂದಿನಿಂದ ದ್ರಾಕ್ಷಿಯವರನ್ನು ಅದು ಕೈಬಿಟ್ಟಿಲ್ಲ. ಎಳೆಯ ಚಿಗುರಿರುವ ಈಗ ಅರ್ಧ ಪ್ರತಿಶತ ಸಾಕು, ಅಂದರೆ 100 ಲೀಟರ್ ನೀರಿಗೆ ಅರ್ಧ ಕಿಲೋ ಮೈಲುತುತ್ತ, ಅರ್ಧ ಕಿಲೋ ಒಳ್ಳೆಯ ಸುಣ್ಣ. ಜುಲೈನಲ್ಲಿ ಕಡ್ಡಿ ಬಲಿತ ಮೇಲೆ ಒಂದು ಪ್ರತಿಶತಕ್ಕೆ ಏರಿಸಬಹುದು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹಾಕಬೇಕು, ತಿರುಗುಮುರುಗು ಮಾಡಬಾರದು. ಹೊಳೆಯುವ ಚಾಕು ಅಥವಾ ಬ್ಲೇಡನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ತಾಮ್ರ ಹತ್ತಿದ್ದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ. ತಯಾರಿಸಿದ ದಿನವೇ ಹೊಡೆದು ಮುಗಿಸಿ, ಬೇರೆ ಔಷಧಿ ಬೆರೆಸಬೇಡಿ, ಮತ್ತು ಎಲೆ ಬೇಗ ಒಣಗುವ ಹೊತ್ತು ನೋಡಿ ಹೊಡೆಯಿರಿ. ಮೋಡ ಮುಸುಕಿ ಎಲೆ ಗಂಟೆಗಟ್ಟಲೆ ಒದ್ದೆಯಿದ್ದರೆ ತಾಮ್ರ ಎಳೆಯ ಎಲೆಯನ್ನು ಸುಡುತ್ತದೆ.

ಮಳೆ ನಿಂತು ಬರೀ ಮೋಡ ಉಳಿದರೆ ಬೂದಿ ರೋಗ ಬರಬಹುದು. ಅದಕ್ಕೆ ನೀರು ಬೇಡ, ನೆರಳು ಸಾಕು. ಮೇಲೆ ಹೇಳಿದಂತೆ ಚಪ್ಪರ ತೆರೆದಿದ್ದರೆ ಒಂದು ಸಲ ನೀರಿನಲ್ಲಿ ಕರಗುವ ಗಂಧಕ ಹೊಡೆಯುವುದರಲ್ಲಿ ಮುಗಿಯುತ್ತದೆ. ಬಿಸಿಲು ತೀಕ್ಷ್ಣವಾಗಿರುವಾಗ ಮಾತ್ರ ಗಂಧಕ ಬೇಡ.

ಅಂಗಡಿಯವರು ನಿಮಗೆ ಈ ಹೊತ್ತಿಗೆ ಚೋದಕಗಳ ಪಟ್ಟಿಯನ್ನೇ ಕೊಟ್ಟಿರುತ್ತಾರೆ. ಅವುಗಳಲ್ಲಿ ಸೈಟೋಕೈನಿನ್ ಗುಂಪಿನ 6-ಬಿಎ 10 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 10 ಭಾಗ) ಮತ್ತು ಯುರಾಸಿಲ್ 50 ಪಿಪಿಎಂ ಪ್ರಮಾಣದಲ್ಲಿ 40ರಿಂದ 55ನೇ ದಿನದೊಳಗೆ ಕೊಡುವ ರೂಢಿ ಇದೆ, ಮೋಡದ ವರ್ಷದಲ್ಲಿ ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಮೂರು ಪದರ ಎಲೆಯ ಕೆಳಗೆ ಕತ್ತಲಲ್ಲಿರುವ ಕಣ್ಣಿಗೆ 6-ಬಿಎ ಬಿಸಿಲನ್ನು ತಂದುಕೊಡಲಾರದು. ಮೊದಲು ಕಡ್ಡಿ ತೆಳುಗೊಳಿಸಿ, ಆಮೇಲೆ ಔಷಧಿ. ಚಿಗುರಿನ ಓಟ ತಡೆಯುವ ಸಿಸಿಸಿ ಅಥವಾ ಕ್ಲೋರ್‌ಮೆಕ್ವಾಟ್ ಬಗ್ಗೆ ಮಾತ್ರ ಬಿಗಿಯಾಗಿ ಹೇಳಬೇಕಾಗಿದೆ. ಅದು ಕೆಲಸ ಮಾಡುತ್ತದೆ ಎಂಬುದು ನಿಜ, ಆದರೆ ಬಳ್ಳಿಯ ಕಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಉಳಿದು ಹಣ್ಣಿಗೂ ಬರುತ್ತದೆ. 2010ರಲ್ಲಿ ಭಾರತದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕೃತವಾಗಿದ್ದು ಇದೇ ಕ್ಲೋರ್‌ಮೆಕ್ವಾಟ್ ಶೇಷದ ಕಾರಣಕ್ಕೆ. ನೀವು ಒಣದ್ರಾಕ್ಷಿ ಮಾಡುವವರಾದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ನಾಲ್ಕು ಕಿಲೋಗೂ ಹೆಚ್ಚು ಹಸಿ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗುವಾಗ ನೀರು ಹೋಗಿ ಶೇಷ ಉಳಿಯುತ್ತದೆ. ಕತ್ತರಿ, ತಂತಿ ಮತ್ತು ಬಿಗಿ ನೀರಿನಿಂದ ಆಗುವ ಕೆಲಸಕ್ಕೆ ಸಿಸಿಸಿ ಬೇಕಿಲ್ಲ.

ಪಕ್ಕದ ತೋಟದವರ ಸಲಹೆಯನ್ನು ಒಪ್ಪಬೇಡಿ. ಜೂನ್ ಮೊದಲ ವಾರ ಮತ್ತೆ ಚಾಟನಿ ಮಾಡಿದರೆ 40ನೇ ದಿನ ಬರುವುದು ಜುಲೈ ಮಧ್ಯಕ್ಕೆ, ಮುಂಗಾರಿನ ಮೋಡ ಇನ್ನೂ ದಟ್ಟವಾಗಿರುವಾಗ. ಕಡ್ಡಿ ಬಲಿಯಲು ಬೇಕಾದ 120-130 ದಿನ ತುಂಬುವುದು ಅಕ್ಟೋಬರ್‌ಗೆ. ಏಪ್ರಿಲ್‌ನಲ್ಲಿ ಬಳ್ಳಿ ಕೂಡಿಟ್ಟ ಆಹಾರವನ್ನು ಒಮ್ಮೆ ಖರ್ಚು ಮಾಡಿ ಚಿಗುರಿದೆ, ಎರಡನೇ ಸಲ ಚಿಗುರಿಸಿದರೆ ಮುಂದಿನ ವರ್ಷವೂ ಸೋಲುತ್ತದೆ. ಇದರ ಬದಲು ಬರುವ ವರ್ಷದ ಚಾಟನಿಯನ್ನು ಇನ್ನೂ ಬೇಗ ಮಾಡಿ. ಕೊಯ್ಲಾದ ಮೇಲೆ ಬಳ್ಳಿಗೆ ಎರಡು ಮೂರು ವಾರ ವಿಶ್ರಾಂತಿ ಕೊಟ್ಟು ಮಾರ್ಚ್ ಕೊನೆಗೋ ಏಪ್ರಿಲ್ ಮೊದಲ ವಾರಕ್ಕೋ ಕತ್ತರಿ ಹಾಕಿದರೆ ಕಣ್ಣಿನ ದಿನಗಳ ದೊಡ್ಡ ಪಾಲು ಮೇ ತಿಂಗಳ ಬಿಸಿಲಿಗೆ ಸಿಗುತ್ತದೆ. 2025ರಲ್ಲಿ ಮುಂಗಾರು ವಾಡಿಕೆಯ ಜೂನ್ 1ರ ಬದಲು ಮೇ 24ಕ್ಕೇ ಕೇರಳ ಮುಟ್ಟಿತು, ಅದಕ್ಕೂ ಮುಂಚೆಯೇ ಕರ್ನಾಟಕದಲ್ಲಿ ಮಳೆ ಹಿಡಿದಿತ್ತು. ಏಪ್ರಿಲ್ ಕೊನೆಗೆ ಚಾಟನಿ ಮಾಡಿದವರಿಗೆ ಅಂಥ ವರ್ಷದಲ್ಲಿ 40ನೇ ದಿನದ ನಂತರ ಬಿಸಿಲು ಸಿಗುವುದು ಕಷ್ಟ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ಬೆಂಗಳೂರು ನೀಲಿ ತಳಿ ಬೆಳೆಯುವವರ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಅವರ ಬಳ್ಳಿ ಲ್ಯಾಬ್ರಸ್ಕಾ ಎಂಬ ಬೇರೆ ದ್ರಾಕ್ಷಿ ಜಾತಿಯ ರಕ್ತದ್ದು, ರೋಗ ತಡೆಯುವ ಶಕ್ತಿ ಹೆಚ್ಚು, ವರ್ಷಕ್ಕೆ ಎರಡು ಬೆಳೆಯ ಪದ್ಧತಿಯೂ ಬೇರೆ.

ಗೊನೆ ಎಷ್ಟು ಉಳಿದಿದೆ ಎಂಬುದನ್ನು ಅಕ್ಟೋಬರ್‌ವರೆಗೆ ಕಾಯದೆ ತಿಳಿಯಬಹುದು. ಸೆಪ್ಟೆಂಬರ್ ಮಧ್ಯದಲ್ಲಿ ಬಲಿತ ಕಡ್ಡಿಗಳ ಕಣ್ಣುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಸೀಳಿ, ಎಷ್ಟನೇ ಕಣ್ಣಿನಲ್ಲಿ ಗೊನೆಯ ಮೊಳಕೆ ಇದೆ ಎಂದು ನೋಡಿ ಹೇಳುವ ಪರೀಕ್ಷೆ ಇದೆ. ಸಾಮಾನ್ಯ ವರ್ಷದ ಅಕ್ಟೋಬರ್ ಚಾಟನಿಯಲ್ಲಿ ಗಂಟಿನ ಮೇಲೆ ಒಂದೆರಡು ಕಣ್ಣು ಬಿಟ್ಟು ಕತ್ತರಿಸುವ ನೀವು, ಮಳೆಯ ವರ್ಷದಲ್ಲಿ ಅದೇ ಅಳತೆ ಹಿಡಿದರೆ ಕುರುಡು ಕಣ್ಣಿನ ಮೇಲೆ ಕತ್ತರಿ ಬೀಳಬಹುದು. ಎರಡು ಮೂರು ಕಣ್ಣು ಉದ್ದ ಬಿಡಬೇಕಾದೀತು. ಪರೀಕ್ಷೆಗೆ ತೋಟದ ನಾಲ್ಕೂ ಮೂಲೆಯಿಂದ, ಬಿಸಿಲಿಗಿದ್ದ ಕಡ್ಡಿ ಮತ್ತು ನೆರಳಿನಲ್ಲಿದ್ದ ಕಡ್ಡಿ ಎರಡನ್ನೂ ಸೇರಿಸಿ, ಹದಿನೈದಿಪ್ಪತ್ತು ಕಡ್ಡಿಗಳನ್ನು ಬುಡದಿಂದಲೇ ಕತ್ತರಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಅದೇ ದಿನ ತಲುಪಿಸಿ. ಬುಡ ಯಾವ ಕಡೆ ಎಂದು ದಾರ ಕಟ್ಟಿ ಗುರುತು ಮಾಡಿ, ಮಡ್ಡಿಯ ಕಡ್ಡಿ ಮತ್ತು ಎರೆಯ ಕಡ್ಡಿಗಳನ್ನು ಎರಡು ಬೇರೆ ಕಟ್ಟುಗಳಾಗಿ ಕಳುಹಿಸಿ. ಎರಡಕ್ಕೂ ಕತ್ತರಿಯ ಅಳತೆ ಬೇರೆಯಾಗಿಯೇ ಬರುತ್ತದೆ ಎಂದು ನನ್ನ ಅಂದಾಜು.